ಅಂಚು ಮಾತ್ರ

ಮೊದಲ ನಮೂದು ಪೆನ್ಸಿಲ್ಲಿನದು, ಅರ್ಧ ಅಳಿಸಿದೆ:
ಜುಸ್ಸಾರಾ, ಒಂಬತ್ತು ವರ್ಷ, ಹಲಗೆ ಎರಡು ತುಂಡು,
ಬಾಕಿ ಹನ್ನೆರಡು ರೆಯಾಲ್.
ಬದಲಿಗೆ ತಂದದ್ದು ಮೂರು ಬಂಗುಡೆ,
ಅದರಲ್ಲೊಂದು ಹಳಸಿತ್ತು.

ಫೋರ್ತಲೇಜಾದ ಬಂದರಿನ ಬೆನ್ನಿಗೆ ನಮ್ಮ ಕೇರಿ.
ಹಡಗು ನೆಮ್ಮದಿಯಾಗಿ ನಿಲ್ಲಲೆಂದು ಹಿಂದೆ ಯಾರೋ
ಕಲ್ಲು ಸುರಿದು ಕಡಲಿಗೆ ಅಡ್ಡಗಟ್ಟಿದರು.
ಕಡಲು ಕೇಳುತ್ತದೆಯೇ? ಕಲ್ಲಿನ ತುದಿ ಬಳಸಿ ಬಂದು
ನಮ್ಮ ಕಡೆ ಅಲೆಯಾಗಿ ಎದ್ದಿತು.
ಅರ್ಜಿ ಕೊಡದೆ ನಮಗೆ ಸಿಕ್ಕಿದ್ದು ಅದೊಂದೇ.
ಕೊಟ್ಟ ಅರ್ಜಿಗೆ ನಲ್ಲಿ ಇನ್ನೂ ಬಂದಿಲ್ಲ.
ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ರಿಪೇರಿ ಅಂದರೆ ಏನು ಮಹಾ:
ನೀರು ಕುಡಿದ ಫೋಮನ್ನು ಹುಳುಕುಹಲ್ಲಿನ ಹಾಗೆ ಕಿತ್ತು,
ಗಾಜಿನ ನಾರಿನ ಬಟ್ಟೆ ಹೊದಿಸಿ, ರಾಳ ಸುರಿದು,
ಬಿಸಿಲಿಗೆ ಬಿಟ್ಟು ಕಾಯುವುದು.
ಹೇಗೆ ಒಡೆಯಿತೆಂದು ಯಾರನ್ನೂ ಕೇಳುವವನಲ್ಲ ನಾನು,
ಹಲಗೆಯೇ ಹೇಳುತ್ತದೆ.
ಮೂಗು ಜಜ್ಜಿದ್ದರೆ ಅವಸರ,
ಬಾಲ ಸೀಳಿದ್ದರೆ ಕಲ್ಲು,
ನಡು ಮುರಿದಿದ್ದರೆ ಹೆದರಿ ಅರ್ಧಕ್ಕೆ ಕೈಬಿಟ್ಟದ್ದು.
ಅವಳದು ನಡು ಮುರಿದದ್ದು ಆ ಮೊದಲ ಸಲವೊಂದೇ;
ಅದೂ ಅಣ್ಣನ ಹಲಗೆ, ಅಣ್ಣನ ಹೆದರಿಕೆ.

ಹದಿನಾಲ್ಕಕ್ಕೆ ರಾಜ್ಯದ ಕಪ್ಪು. ಹದಿನೇಳಕ್ಕೆ ವಿಮಾನ.
ಆಮೇಲೆ ಪುಸ್ತಕದಲ್ಲಿ ಅವಳ ಪುಟ ಖಾಲಿ.
ಕಂಪನಿಯವರು ತಿಂಗಳಿಗೆ ಹತ್ತು ಹೊಸ ಹಲಗೆ ಕೊಡುತ್ತಾರಂತೆ,
ಮುರಿದರೆ ಮರಳಲ್ಲೇ ಬಿಟ್ಟು ನಡೆಯುವುದಂತೆ.
ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸೆಬಾಶ್ಚಿಯಾನಾಳ ಅಂಗಡಿಯ ಟೀವಿಯಲ್ಲಿ ನೋಡುತ್ತಿದ್ದೆವು,
ರಾತ್ರಿ ಎರಡಕ್ಕೆ, ಎಲ್ಲೋ ಹಗಲಾಗಿರುವ ಕಡಲು.
ಅರ್ಧ ಗಂಟೆಯ ಆಟ. ಮುಕ್ಕಾಲು ಪಾಲು
ಸೊಂಟದ ತನಕ ನೀರಲ್ಲಿ ಸುಮ್ಮನೆ ಕೂತಿರುತ್ತಾಳೆ
ಬಸ್ಸು ಕಾಯುವವಳ ಹಾಗೆ.
ಬಂದ ಬಸ್ಸುಗಳನ್ನೆಲ್ಲ ಬಿಡುತ್ತಾಳೆ.
ಸೆಬಾಶ್ಚಿಯಾನಾ ಟೀವಿಗೇ ಬೈಯುತ್ತಾಳೆ: ಹತ್ತೇ, ಹುಡುಗಿ!
ಕೊನೆಗೆ ಎದ್ದಿತು ಒಂದು,
ಹಸಿರು ಗೋಡೆ, ತುಟಿ ಮಡಚಿ ಅವಳನ್ನು ನುಂಗಿತು.
ಒಂದು, ಎರಡು, ಮೂರು,
ನಾಲ್ಕು,
ಉಗುಳಿತು.

ಲೋಕಕ್ಕೆ ಚಾಂಪಿಯನ್, ಎರಡು ಸಲ.
ಅವಳಮ್ಮ ಇವತ್ತಿಗೂ ಮೊಣಕಾಲಿಗಿಂತ ಆಳಕ್ಕೆ ಇಳಿದವಳಲ್ಲ.

ಮೂರನೆಯ ವರ್ಷ, ಕಾರ್ನಿವಲ್ ಮುಗಿದ ಬುಧವಾರ,
ಹಲಗೆಯೊಂದನ್ನು ತಂದು ಗೋಡೆಗೆ ಒರಗಿಸಿದಳು.
"ಅಂಚು ಸ್ವಲ್ಪ ಬಿಟ್ಟಿದೆ, ಎವಾಲ್ದೋ."
ನಾನು ಅಂಚು ನೋಡಲಿಲ್ಲ, ಬೆನ್ನು ನೋಡಿದೆ.
ಹಿಂಗಾಲಿನ ಹಿಮ್ಮಡಿ ಒತ್ತಿ ಒತ್ತಿ ಬಟ್ಟಲಾಗಬೇಕಾದ ಜಾಗ
ನುಣ್ಣಗಿತ್ತು.
ಭಾರವೆಲ್ಲ ಮುಂದಿನ ಪಾದದಡಿ ಕುಳಿಯಾಗಿ ಕೂತಿತ್ತು.
ಬಲಮಂಡಿ ಸುಳ್ಳು ಹೇಳಲು ಶುರುಮಾಡಿದೆ,
ಡಾಕ್ಟರಿಗೆ ಗೊತ್ತಿಲ್ಲ, ಅವಳಿಗೂ ಗೊತ್ತಿರಲಿಕ್ಕಿಲ್ಲ.
ಹೇಳಲೇ? ಹೇಳಿದರೆ ನಾಳಿದ್ದು ಆಸ್ಟ್ರೇಲಿಯಾಕ್ಕೆ
ಮಂಡಿಯ ಜೊತೆ ನನ್ನ ಮಾತನ್ನೂ ಹೊತ್ತುಕೊಂಡು ಹೋಗಬೇಕು.
ಅಂಚು ಸರಿಮಾಡಿದೆ. ದುಡ್ಡು ಬೇಡವೆಂದೆ.
ತಾರೀಖು ಹಾಕಿ ಬರೆದುಕೊಂಡೆ: ಅಂಚು ಮಾತ್ರ.

ಜೂನಿನಲ್ಲಿ ಹರಿಯಿತು.
ಟೀವಿಯವರು ನಿಧಾನ ಮಾಡಿ ಮಾಡಿ ತೋರಿಸಿದರು.
ಆಪರೇಶನ್ ಎರಡಾದವು. ಹಲಗೆಯ ಸ್ಟಿಕ್ಕರುಗಳು ಉದುರಿದವು,
ಮೊದಲು ಗಡಿಯಾರ, ಆಮೇಲೆ ಕನ್ನಡಕ, ಕೊನೆಗೆ ಬ್ಯಾಂಕು.

ಈಗ ಮೂವತ್ತೊಂದು. ಬೆಳಿಗ್ಗೆ ಬಂದು ನನ್ನ ಗೂಡಿನ ಮುಂದೆ ಕೂರುತ್ತಾಳೆ.
ತಣ್ಣೀರಿನ ದೇಶಗಳಲ್ಲಿ ಅಲೆದು ಕಿವಿಯೊಳಗೆ ಮೂಳೆ ಬೆಳೆದಿದೆ,
ಕೂಗಿ ಮಾತಾಡಬೇಕು.
ನಿನ್ನೆ ಪುಸ್ತಕ ಎತ್ತಿಕೊಂಡು ಹಾಳೆ ತಿರುವುತ್ತಿದ್ದಳು.
ಹಳಸಿದ ಬಂಗುಡೆಗೆ ನಕ್ಕಳು.
ಆ ಬುಧವಾರದ ಸಾಲಿನ ಮೇಲೆ ಬೆರಳು ನಿಂತಿತು.
"ಅಂಚು ಮಾತ್ರ ಅಂದರೆ?"

ನನ್ನ ಕೈಯಲ್ಲಿ ಉಜ್ಜುವ ಯಂತ್ರವಿತ್ತು. ಗುಂಡಿ ಒತ್ತಿದೆ.
ಬಿಳಿ ಧೂಳೆದ್ದು ಕೂತಿತು
ಅವಳ ರೆಪ್ಪೆಯ ಮೇಲೆ, ನನ್ನ ಮೀಸೆಯ ಮೇಲೆ.
ಅವಳು ಏಳಲಿಲ್ಲ.
ಕಾಯುವುದು ಅವಳಿಗೆ ಗೊತ್ತು.